ಅಂಬಾಸಿಡರೋ ಮಾರುತಿ 800ಓ? ಕೊನೆಯ ಸಲ ಹೇಳುತ್ತಿದ್ದೇನೆ

‘ಹಳೇ ಕಾರು ತಗೋಬೇಕು ಸಾರ್, ಅಂಬಾಸಿಡರ್ ಒಳ್ಳೇದಾ, ಮಾರುತಿ 800 ಒಳ್ಳೇದಾ?’

ದಿನಾ ಓಡಿಸುವುದಾದರೆ 800. ಭಾನುವಾರ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳುವ ಆಸೆ ಇದ್ದರೆ ಅಂಬಾಸಿಡರ್. ಮುಗಿಯಿತು.

ಮುಗಿದರಲ್ಲವೇ! ‘ಏನೇ ಹೇಳಿ, ಅಂಬಾಸಿಡರ್ ಅಂದ್ರೆ ಕಬ್ಬಿಣ, ಮಾರುತಿ ಬರೀ ತಗಡು’ ಅನ್ನುವ ಮಾತು ಹಿಂದೆಯೇ ಬರುತ್ತದೆ. ಎರಡೂ ತಗಡೇ ಸ್ವಾಮಿ. ಒಂದರದ್ದು ದಪ್ಪ, ಇನ್ನೊಂದರದ್ದು ತೆಳು. ತೂಕ ಅಂಬಾಸಿಡರ್‌ದು ಸುಮಾರು 1,100 ಕೆ.ಜಿ., 800ರದ್ದು ಸುಮಾರು 650 ಕೆ.ಜಿ. ಅಂಬಾಸಿಡರ್ ಕೆಳಗೆ ಲಾರಿಯದ್ದರಂಥ ಛಾಸಿ, ಅಂದರೆ ಭಾರ ಹೊರುವ ಬೇರೆ ಚೌಕಟ್ಟು, ಇದೆ ಎಂದು ನಂಬಿದವರು ಒಮ್ಮೆ ಬಗ್ಗಿ ನೋಡಲಿ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಗಾಡಿ ಅದು. ಭಾರ ಹೊರುವುದು ಬಾಡಿಯೇ. 1983ರಲ್ಲಿ ಬಂದ 800ರಲ್ಲೂ ಅಷ್ಟೇ.

ವ್ಯತ್ಯಾಸ ಇರುವುದು ಕೆಡುವ ರೀತಿಯಲ್ಲಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನ ಹೆಡ್, ಅಂದರೆ ಮೇಲಿನ ಮುಚ್ಚಳದಂಥ ಭಾಗ, ಬೀಡು ಕಬ್ಬಿಣದ್ದು. ಕಾದರೆ ನಿಲ್ಲಿಸಿ, ಆರಿದ ಮೇಲೆ ನೀರು ತುಂಬಿದರೆ ಎಷ್ಟೋ ಸಲ ಸುಮ್ಮನೆ ಹೊರಡುತ್ತದೆ. 800ರ 796 ಸಿಸಿ ಎಂಜಿನ್‌ಗೆ ಅಲ್ಯೂಮಿನಿಯಂ ಹೆಡ್. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋದ ಮೇಲೂ ‘ಮನೆ ಇನ್ನೆರಡೇ ಕಿಲೋಮೀಟರ್’ ಎಂದು ಎಳೆದರೆ ಹೆಡ್ ಸೊಟ್ಟಗಾಗಿ ಅದರಡಿಯ ಸೀಲು, ಅಂದರೆ ಗ್ಯಾಸ್ಕೆಟ್, ಹೋಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಗ್ರೀಸ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅಂಬಾಸಿಡರ್‌ನ ಮುಂದಿನ ಚಕ್ರ ತಿರುಗುವ ಪಿನ್ನುಗಳಿಗೆ ಸುಮಾರು 1,500 ಕಿ.ಮೀ.ಗೊಮ್ಮೆ ಗ್ರೀಸ್ ಹೊಡೆಯಲೇಬೇಕು. ಸವೆದಿದೆಯೋ ತಿಳಿಯಲು ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಆಟ ನಿಂತರೆ ದೋಷ ವೀಲ್ ಬೇರಿಂಗ್‌ನದ್ದು, ನಿಲ್ಲದಿದ್ದರೆ ಪಿನ್ನಿನದ್ದು. 800ರಲ್ಲಿ ಈ ಕಾಟವಿಲ್ಲ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ (ಮುಸುಕು) ಹರಿಯದಂತೆ ನೋಡಿಕೊಂಡರೆ ಸಾಕು. ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ; ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಇರುವ ಗಾಡಿ ಯಾವುದೇ ಇರಲಿ, ಈಗಿನ ಎಥನಾಲ್ ಪೆಟ್ರೋಲ್‌ಗೆ ಹಳೆಯ ರಬ್ಬರ್ ಹೋಸು, ಪಂಪಿನ ಡಯಾಫ್ರಾಮು (ಒಳಗಿನ ಪೊರೆ) ತಾಳುವುದಿಲ್ಲ. ತಂದ ದಿನವೇ ಬದಲಿಸಿ.

‘ತುಕ್ಕು ಎಲ್ಲಿ ನೋಡಬೇಕು?’ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಒಂದು ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಅದು ಹಿಡಿಯದ ಕಡೆ ಬಣ್ಣದಡಿ ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಅಂಬಾಸಿಡರ್‌ನಲ್ಲಿ ಬಾಗಿಲ ಕೆಳಗಿನ ಸಿಲ್, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ ನೋಡಿ. 800ರಲ್ಲಿ ಸ್ಟೆಪ್ನಿ ಗುಂಡಿ, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಅಂಚು. ಎರಡರಲ್ಲೂ ಮ್ಯಾಟ್ ಎತ್ತಿಸಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಆಮೇಲೆ ಒಂದು ಬದಿ ಜಾಕ್ ಹಾಕಿ ಎತ್ತಿ, ಬಾಗಿಲು ತೆರೆದು ಮುಚ್ಚಿ. ಸಿಕ್ಕಿಕೊಂಡರೆ ಬಾಡಿ ಬಾಗುತ್ತಿದೆ ಎಂದರ್ಥ; ಬೆಲೆ ಅರ್ಧಕ್ಕಿಳಿಸಿದರೂ ಆ ಗಾಡಿ ಬೇಡ.