ಕಾಲು ಊರಬಾರದು

ಈ ವಾರ ಸಸ್ಯೋದ್ಯಾನದ ಕೊಳದಲ್ಲಿ ದೈತ್ಯ ನೈದಿಲೆಯ ಎಲೆಯೊಂದು ತೂತಾಯಿತು. ತಡೆಯುತ್ತದೋ ಇಲ್ಲವೋ ನೋಡೋಣವೆಂದು ಹುಡುಗರು ಕಲ್ಲೆಸೆದಿದ್ದರು. ಕಲ್ಲು ಎಲೆಯ ಮೇಲೆ ನಿಲ್ಲಲೇ ಇಲ್ಲ, ನೆಟ್ಟಗೆ ಒಳಗಿಳಿಯಿತು. ತೂತಿನಿಂದ ನೀರು ಸಣ್ಣಗೆ ಒಸರಿ, ಹಸಿರು ತಟ್ಟೆಯ ಮೇಲೆ ಅಂಗೈಯಗಲ ಹರಡಿ ನಿಂತಿತು. ಆ ಅಂಗೈಯಗಲದ ನೀರು ಇನ್ನೂ ಕಣ್ಣಮುಂದಿದೆ.

ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಕಟ್ಟೆಯ ಮೇಲೆ ನಿಂತ ತಾಯಿಯೊಬ್ಬರು, ಎದೆಮಟ್ಟದ ನೀರಲ್ಲಿ ಹಳೇ ಎಲೆ ಕೊಯ್ಯುತ್ತಿದ್ದ ಮಾಲಿಯನ್ನು ಕೇಳಿದ್ದರು: "ಇದರ ಮೇಲೆ ಮಗೂನ ಕೂರಿಸಬಹುದಂತೆ, ಹೌದೇನಣ್ಣ?"

ಮಾಲಿ ತಲೆ ಎತ್ತದೆಯೇ ಹೇಳಿದರು: "ಕೂರಿಸಬಹುದಮ್ಮ. ಕಾಲು ಊರಬಾರದು, ಅಷ್ಟೆ."

ಎಲೆಯ ಲೆಕ್ಕವೆಲ್ಲ ಆ ಮಾತಲ್ಲೇ ಇದೆ. ಮೇಲಿಂದ ಜಗಲಿಯಷ್ಟು ಗಟ್ಟಿಯಾಗಿ ಕಾಣುವ ಹಾಳೆ ನಿಜಕ್ಕೂ ತೀರಾ ತೆಳು. ಭಾರ ಹೊರುವುದು ಅಡಿಯ ನರಗಳು. ತೊಟ್ಟು ಸೇರುವ ನಡುಭಾಗದಿಂದ ಹೊರಟ ದಪ್ಪ ನರಗಳು ಕವಲೊಡೆಯುತ್ತ ಅಂಚಿಗೆ ಹೋಗುತ್ತವೆ. ಅವನ್ನು ಅಡ್ಡನರಗಳು ಮನೆಯ ಜಂತಿಗಳಂತೆ ಬಿಗಿಯುತ್ತವೆ, ಒಳಗೆಲ್ಲ ಗಾಳಿ. ಹಲಗೆಯಿಟ್ಟು ಭಾರ ಹರಡಿದರೆ ಮಗು ಆರಾಮಾಗಿ ಕೂರುತ್ತದೆ. ಬರಿ ಹಿಮ್ಮಡಿ ಊರಿದರೆ ಎರಡು ನರಗಳ ನಡುವಿನ ಹಾಳೆ ಹರಿದು ಕಾಲು ನೀರಿಗಿಳಿಯುತ್ತದೆ. 1849ರ ನವೆಂಬರಿನಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಈ ಗಿಡಕ್ಕೆ ಹೂ ಬರಿಸಿದ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ತನ್ನ ಪುಟ್ಟ ಮಗಳನ್ನು ಎಲೆಯ ಮೇಲೆ ನಿಲ್ಲಿಸಿದ್ದ. ಮುಂದೆ ತಾನು ಲಂಡನ್ನಿನಲ್ಲಿ ರೂಪಿಸಿದ 1851ರ ಗಾಜಿನ ಮಹಲು ಕ್ರಿಸ್ಟಲ್ ಪ್ಯಾಲೇಸ್ ಕಟ್ಟಡಕ್ಕೂ ಈ ನರಗಳ ಜೋಡಣೆಯೇ ಪ್ರೇರಣೆ ಎಂದ. ಅಂದಿನಿಂದ ಇಂದಿನವರೆಗೂ ಎಲೆಯ ಮೇಲಿನ ಮಕ್ಕಳ ಚಿತ್ರಗಳು ಹರಿದಾಡುತ್ತಲೇ ಇವೆ. ಮಕ್ಕಳ ಅಡಿಯಲ್ಲಿಟ್ಟ ಹಲಗೆಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಹಾಗಾಗಿ ಕಲ್ಲೆಸೆದ ಹುಡುಗರಿಗಿಂತ ಕೊಳದ ಪಕ್ಕದ ಫಲಕದ ಮೇಲೇ ಸಿಟ್ಟು ಹೆಚ್ಚು. ಎಲೆ ಎಷ್ಟು ಭಾರ ಹೊರುತ್ತದೆ ಅಂತ ಅದರಲ್ಲಿದೆ, ಹೇಗೆ ಹೊರುತ್ತದೆ ಅಂತ ಇಲ್ಲ. ಮೇಲಾಗಿ ಹೆಸರು "ತಾವರೆ". ತಾವರೆಯ ಎಲೆ ದಂಟಿನ ಮೇಲೆ ನೀರು ಬಿಟ್ಟು ಎದ್ದು ನಿಲ್ಲುತ್ತದೆ, ಅದರ ಕುಲವೇ ಬೇರೆ. ಇದು ನೈದಿಲೆ. ಈ ಗಿಡದ ವಿಷಯದಲ್ಲಿ ಹೆಸರಿನ ಎಚ್ಚರ ಎಷ್ಟಿದ್ದರೂ ಸಾಲದು. ದೈತ್ಯ ನೈದಿಲೆಗಳಲ್ಲೇ ಮೂರು ಮೀಟರಿಗೂ ಅಗಲದ ಎಲೆ ಬಿಡುವ ವಿಕ್ಟೋರಿಯಾ ಬೊಲಿವಿಯಾನಾ ಬೇರೆಯೇ ಪ್ರಭೇದ ಅಂತ ಗೊತ್ತಾದದ್ದು 2022ರಲ್ಲಿ. ಅದರ ಒಣ ಮಾದರಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ತಪ್ಪು ಹೆಸರಲ್ಲೇ ಕೂತಿತ್ತು.

ಮಳೆ ನೀರು ಎಲೆಯ ಮೇಲೆ ನಿಲ್ಲದಂತೆ ಗಿಡವೇ ದಾರಿ ಮಾಡಿಕೊಂಡಿದೆ. ಮೇಲೆದ್ದ ಅಂಚಿನಲ್ಲಿ ಎದುರುಬದುರು ಎರಡು ಕಚ್ಚು, ಹಾಳೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ರಂಧ್ರಗಳು. ಕಲ್ಲಿನ ತೂತು ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ನಿಂತ ನೀರಲ್ಲಿ ಪಾಚಿ ಹತ್ತುತ್ತದೆ, ತೂತಿನ ಸುತ್ತ ಕಂದು ಬಳೆ ಕಟ್ಟುತ್ತದೆ, ಕೊಳೆ ನರಕ್ಕೆ ಮುಟ್ಟಿದರೆ ಆ ಪಾಲಿನ ಎಲೆ ಕುಸಿಯುತ್ತದೆ. ಇನ್ನೂ ವಾರಗಟ್ಟಲೆ ಬಾಳಬೇಕಿದ್ದ ಎಲೆಯನ್ನು ಮೊದಲೇ ಕೊಯ್ಯಬೇಕಾಗುತ್ತದೆ.

ಆ ಎಲೆಯ ಹಿಂದೆ ಎಷ್ಟು ತಿಂಗಳ ಕೆಲಸವಿದೆ! ಬಟಾಣಿ ಗಾತ್ರದ ಬೀಜವನ್ನು ಒಂದು ದಿನವೂ ಒಣಗಲು ಬಿಡುವಂತಿಲ್ಲ. 1849ರಲ್ಲಿ ಕ್ಯೂನಲ್ಲಿ ಮೊಳೆತದ್ದು ನೀರು ತುಂಬಿದ ಶೀಸೆಗಳಲ್ಲಿ ತಂದ ಬೀಜ. ಬೀಜದ ತುದಿಯ ಪುಟ್ಟ ಮುಚ್ಚಳವನ್ನು ಸೂಜಿಮೊನೆಯಿಂದ ಮೆಲ್ಲಗೆ ಎಬ್ಬಿಸಿ, 30 ಡಿಗ್ರಿ ಆಸುಪಾಸಿನ ಬಿಸಿಯ ನೀರಲ್ಲಿ ಇಡುತ್ತಾರೆ. ಮೊದಲ ಎಲೆ ಸೂಜಿಯಂತೆ, ಆಮೇಲಿನದು ಬಾಣದ ಮೊನೆಯಂತೆ, ದುಂಡಗಾಗುವುದು ಅದಾದ ಮೇಲೆ. ಸಣ್ಣ ಕುಂಡದಿಂದ ದೊಡ್ಡದಕ್ಕೆ ದಾಟಿಸುತ್ತ ಹೋಗಿ, ನೀರು ಹಗಲೂ ರಾತ್ರಿ ಬೆಚ್ಚಗೆ ನಿಂತ ಮೇಲೆಯೇ ಕೊಳಕ್ಕೆ ಇಳಿಸಬೇಕು. ಅವಸರ ಮಾಡಿದರೆ ಗಿಡ ಮುರುಟಿ ಕೂರುತ್ತದೆ. ಹಸಿವು ಬಲು ಜಾಸ್ತಿ. ಗೊಬ್ಬರದ ಗುಳಿಗೆಯನ್ನು ಬೇರಿನ ಪಕ್ಕ ಮಣ್ಣೊಳಗೆ ಮೊಳಕೈ ಆಳಕ್ಕೆ ಒತ್ತಬೇಕು. ಮೇಲೆ ಚೆಲ್ಲಿದರೆ ಗಿಡಕ್ಕೆ ಏನೂ ದಕ್ಕದೆ ಪಾಚಿ ಕೊಬ್ಬುತ್ತದೆ.

ಹೂವಿನ ವಿಷಯದಲ್ಲಿ ಬರುವವರಿಗೂ ಅನ್ಯಾಯವೇ. ಮೊದಲ ಸಂಜೆ ಬೆಳ್ಳಗೆ, ಘಮಘಮಿಸುತ್ತ, ಒಳಗೆ ಮೈಬಿಸಿ ಏರಿಸಿಕೊಂಡು ಅರಳುತ್ತದೆ. ಆಗ ಅದು ಹೆಣ್ಣು. ತವರಾದ ಅಮೆಜಾನಿನಲ್ಲಿ ಜೀರುಂಡೆಗಳು ಆ ಬಿಸಿಗೆ, ವಾಸನೆಗೆ ಒಳಹೊಕ್ಕು ಹೂ ಮುಚ್ಚಿದಾಗ ಸಿಕ್ಕಿಬೀಳುತ್ತವೆ. ಎರಡನೇ ಸಂಜೆ ಅದೇ ಹೂ ಗುಲಾಬಿ ಬಣ್ಣಕ್ಕೆ ತಿರುಗಿ, ಗಂಡಾಗಿ, ಪರಾಗ ಹೊದ್ದ ಜೀರುಂಡೆಗಳನ್ನು ಬಿಟ್ಟುಕೊಟ್ಟು, ಆಮೇಲೆ ಮುಳುಗುತ್ತದೆ. ಆ ಜೀರುಂಡೆ ಇಲ್ಲದ ಕೊಳಗಳಲ್ಲಿ ಬೀಜ ಬೇಕೆಂದರೆ ಎರಡನೇ ರಾತ್ರಿಯ ಹೂವಿನ ಪರಾಗವನ್ನು ಮಾಲಿಗಳೇ ಮೊದಲ ರಾತ್ರಿಯ ಹೂವಿನ ಬಟ್ಟಲಿಗೆ ದಾಟಿಸುತ್ತಾರೆ. ಕಾಯಿಗೆ ಬಲೆಚೀಲ ಕಟ್ಟದಿದ್ದರೆ ಅದು ನೀರೊಳಗೇ ಒಡೆದು ಬೀಜವೆಲ್ಲ ತೇಲಿಹೋಗುತ್ತದೆ. ಹೂವಿನ ದೊಡ್ಡ ಹೊತ್ತು ಶುರುವಾಗುವುದೇ ಸಂಜೆ, ಉದ್ಯಾನದ ಗೇಟು ಮುಚ್ಚುವುದೂ ಆಗಲೇ. ಹೂ ಬಿಡುವ ತಿಂಗಳಲ್ಲಿ ವಾರಕ್ಕೊಂದು ಸಂಜೆಯಾದರೂ ಎರಡು ಗಂಟೆ ಹೆಚ್ಚು ತೆರೆದಿಡಬೇಕು. ಮಧ್ಯಾಹ್ನ ಬಂದು ಮುದುಡಿದ ಹೂ ನೋಡಿ "ಇಷ್ಟೇನಾ" ಅಂತ ಹೋಗುವವರದ್ದು ಏನು ತಪ್ಪು?

ತೂತಾದ ಎಲೆಯ ತೊಟ್ಟನ್ನು ಮಾಲಿ ನೀರೊಳಗೆ ಕೈಬಿಟ್ಟು ಬುಡದಲ್ಲಿ ಕೊಯ್ದರು. ಮುಳ್ಳು ತಾಗದಂತೆ ಅಂಚು ಹಿಡಿದು ಕಟ್ಟೆಗೆ ಎಳೆದು ಬೋರಲು ಹಾಕಿದರು. ಕೆಂಪಡರಿದ ಅಡಿಭಾಗ, ಬೆರಳುದ್ದ ಎದ್ದುನಿಂತ ನರಗಳು, ಅದರ ತುಂಬ ಮುಳ್ಳು. ಕಲ್ಲೆಸೆದ ಹುಡುಗರಲ್ಲಿ ಒಬ್ಬ ಇನ್ನೂ ಅಲ್ಲೇ ನಿಂತಿದ್ದ. "ಬಾರೋ ಮರಿ, ಇಲ್ಲಿ ಒತ್ತು" ಅಂತ ಮುಳ್ಳಿಲ್ಲದ ಕಡೆ ನರ ತೋರಿಸಿದರು. ಹುಡುಗ ಒತ್ತಿದ, ಅದು ಬಗ್ಗಲಿಲ್ಲ. "ಈಗ ಇಲ್ಲಿ" ಅಂದರು, ಎರಡು ನರಗಳ ನಡುವೆ. ಹೆಬ್ಬೆರಳು ಆಚೆ ಬಂತು.