ಜೂನ್ 16ಕ್ಕೆ ಡಬ್ಲಿನ್: ಕಾದಂಬರಿಯ ಗಡಿಯಾರ ಹಿಡಿದು ಒಂದು ದಿನ

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿ ಶುರುವಾಗುವುದು 1904ರ ಜೂನ್ 16ರ ಬೆಳಿಗ್ಗೆ. ನಾಯಕ ಲಿಯೊಪೋಲ್ಡ್ ಬ್ಲೂಮ್‌ನ ಹೆಸರಲ್ಲಿ ಪ್ರತಿ ವರ್ಷ ಅದೇ ದಿನ ಡಬ್ಲಿನ್ ತನ್ನೂರ ಲೇಖಕನನ್ನು ನೆನೆಯುತ್ತದೆ. ಇದಕ್ಕೆ ಬ್ಲೂಮ್ಸ್‌ಡೇ ಎಂದು ಹೆಸರು. ಕಾರ್ಯಕ್ರಮಗಳು ಊರ ತುಂಬ ಇರುತ್ತವೆ, ಎಲ್ಲವನ್ನೂ ನೋಡಲು ಓಡಿದರೆ ಒಂದೂ ದಕ್ಕುವುದಿಲ್ಲ. ಕಾದಂಬರಿಯ ಗಡಿಯಾರದಂತೆ ಹೋಗುವುದೇ ಒಳ್ಳೆಯದು.

ಮೊದಲು ವೀಸಾ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್‌ಗೆ ಐರ್ಲೆಂಡ್ ಸೇರಿಲ್ಲ, ಪ್ಯಾರಿಸ್‌ಗೆಂದು ಪಡೆದ ವೀಸಾ ಇಲ್ಲಿ ನಡೆಯುವುದಿಲ್ಲ. ಪ್ರಯಾಣಕ್ಕೆ 3 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಯ ವಾರಗಳವರೆಗೆ ಕಾಯಬೇಡಿ.

ಬೆಳಿಗ್ಗೆ 8ಕ್ಕೆ ಮೊದಲ ಅಧ್ಯಾಯದ ಮಾರ್ಟೆಲ್ಲೊ ಗೋಪುರ. ಬ್ರೇ ಕಡೆಗೆ ಹೋಗುವ ಡಾರ್ಟ್ ರೈಲು ಹಿಡಿದು ‘ಸ್ಯಾಂಡಿಕೋವ್ ಅಂಡ್ ಗ್ಲಾಸ್ತೂಲ್’ನಲ್ಲಿ ಇಳಿಯಬೇಕು. ಇದೇ ಮಾರ್ಗದಲ್ಲಿ ಮೊದಲೇ ಸಿಗುವ ಸ್ಯಾಂಡಿಮೌಂಟ್ ಬೇರೆ. ಅದೂ ಕಾದಂಬರಿಯಲ್ಲಿ ಬರುವ ಕಡಲತೀರವೇ ಆದ್ದರಿಂದ ಹೆಸರು ಕಂಡು ಇಳಿದುಬಿಡುವವರಿದ್ದಾರೆ. ಪ್ರಯಾಣ ದರ ಕಟ್ಟುವ ಲೀಪ್ ಕಾರ್ಡನ್ನು ಹತ್ತುವ ಮುಂಚೆಯೂ ಇಳಿದ ಮೇಲೂ ನಿಲ್ದಾಣದ ಯಂತ್ರಕ್ಕೆ ತೋರಿಸಿ, ಮರೆತರೆ ಹೆಚ್ಚು ದರ ಕಡಿತವಾಗುತ್ತದೆ. ಗೋಪುರಕ್ಕೆ ಪ್ರವೇಶ ಉಚಿತ, ನೋಡಿಕೊಳ್ಳುವವರು ಸ್ವಯಂಸೇವಕರು. ಸುರುಳಿ ಮೆಟ್ಟಿಲು ತೀರ ಇಕ್ಕಟ್ಟು, ಅದಕ್ಕೇ ಸರದಿ ನಿಧಾನ. ಮಂಡಿ ನೋವಿನವರು ಕೆಳಗಿನ ಸಂಗ್ರಹಾಲಯವನ್ನಷ್ಟೇ ನೋಡಲಿ. ಮೇಲೆ ಕಡಲ ಗಾಳಿ ಕೊರೆಯುತ್ತದೆ, ಜೂನ್ ಆದರೂ ಸ್ವೆಟರ್ ಬೇಕು.

ವಾಪಸ್ ಪಿಯರ್ಸ್ ನಿಲ್ದಾಣಕ್ಕೆ ಬನ್ನಿ. ಹತ್ತಿರದ ಲಿಂಕನ್ ಪ್ಲೇಸ್‌ನಲ್ಲಿದೆ ಸ್ವೆನೀಸ್, ಬ್ಲೂಮ್ ನಿಂಬೆ ಪರಿಮಳದ ಸೋಪು ಕೊಂಡ ಔಷಧಿ ಅಂಗಡಿ. ಈಗ ಅಲ್ಲಿ ಔಷಧಿ ಸಿಗುವುದಿಲ್ಲ. ಸೋಪು, ಹಳೆಯ ಪುಸ್ತಕ, ಗಟ್ಟಿಯಾಗಿ ಓದುವ ಕೂಟ ಇವೆ.

ಮಧ್ಯಾಹ್ನ 1ಕ್ಕೆ ಡ್ಯೂಕ್ ರಸ್ತೆಯ ಡೇವಿ ಬರ್ನ್ಸ್ ಪಬ್. ಬೇರೊಂದು ಹೋಟೆಲಿನಲ್ಲಿ ಮಾಂಸ ಮುಕ್ಕುವವರನ್ನು ಕಂಡು ಹೇಸಿ ಬಂದ ಬ್ಲೂಮ್ ಇಲ್ಲಿ ಗೊರ್ಗೊನ್ಜೋಲಾ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಾನೆ. ಕಟ್ಟಾ ಸಸ್ಯಾಹಾರಿಗಳು ಗಮನಿಸಿ: ಆ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಬ್ಲೂಮ್ಸ್‌ಡೇ ಉಪಾಹಾರದಲ್ಲಿ ಹಂದಿಯ ಮೂತ್ರಪಿಂಡವೂ ಇರುತ್ತದೆ, ಕೇಳಿಯೇ ತಟ್ಟೆ ಹಿಡಿಯಿರಿ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಕಿಲ್ಡೇರ್ ರಸ್ತೆಯ ರಾಷ್ಟ್ರೀಯ ಗ್ರಂಥಾಲಯ. ಇಡೀ ದಿನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಒಂಬತ್ತನೇ ಅಧ್ಯಾಯದಲ್ಲಿ ಕಾದಂಬರಿಯ ಇನ್ನೊಂದು ಮುಖ್ಯ ಪಾತ್ರವಾದ ಯುವಕ ಸ್ಟೀಫನ್ ‘ಹ್ಯಾಮ್ಲೆಟ್’ ಕುರಿತು ವಾದ ಹೂಡುವುದು ಇಲ್ಲಿಯೇ. ಅದೇ ಹೊತ್ತಿಗೆ ಬ್ಲೂಮ್ ಹಳೆಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಹುಡುಕಿಕೊಂಡು ಬರುತ್ತಾನೆ. ‘ಯುಲಿಸಿಸ್’ನ ಮೊದಲ ಮುದ್ರಣದ 1ನೇ ಸಂಖ್ಯೆಯ ಪ್ರತಿ ಈ ಗ್ರಂಥಾಲಯದ ಸ್ವತ್ತು. ಪ್ರದರ್ಶನಗಳಿಗೆ ಶುಲ್ಕವಿಲ್ಲ. ಓದುವ ಕೋಣೆಗಳನ್ನು ಬಳಸಲು ಮಾತ್ರ ಓದುಗರ ಟಿಕೆಟ್ ಬೇಕು. ಅದು ಉಚಿತ, ಫೋಟೊ ಇರುವ ಗುರುತುಪತ್ರ ಒಯ್ಯಿರಿ. ಯಾವ ಕೋಣೆ ತೆರೆದಿದೆ ಎಂದು ಹಿಂದಿನ ದಿನವೇ ವಿಚಾರಿಸಿ, ಸೀಟು ಕಾಯ್ದಿರಿಸುವ ಕಾರ್ಯಕ್ರಮಗಳಿಗೆ ವಾರಗಳ ಮೊದಲೇ ಹೆಸರು ಕೊಡಿ.

ಪುಸ್ತಕ ಪೂರ್ತಿ ಓದಿರಬೇಕಿಲ್ಲ, ಈ ಅಧ್ಯಾಯ ಮುಗಿಸಿಕೊಂಡು ಬಂದರೆ ಸಾಕು. ಅದರ ಕೊನೆಯಲ್ಲಿ ಬ್ಲೂಮ್ ಇದೇ ಕಂಬಗಳ ಮುಖಮಂಟಪದಲ್ಲಿ ಸ್ಟೀಫನ್‌ನ ಪಕ್ಕದಲ್ಲೇ ಹಾದುಹೋಗುತ್ತಾನೆ. ಆ ಪುಟವನ್ನು ಅಲ್ಲೇ ನಿಂತು ಓದಿ. ಕತ್ತಲಾಗುವುದು ರಾತ್ರಿ 10ರ ಮೇಲೆ, ಹೊತ್ತು ಧಾರಾಳವಾಗಿದೆ.