ಸುತ್ತುಮೆಟ್ಟಿಲು ನೋಡಲು ಚಿಕ್ಕಮಗಳೂರಿಗೆ

ಬೆಳಗ್ಗೆ ಏಳರ ಬಸ್ಸಿಗೆ ಹಾಸನದಿಂದ ಅಮ್ಮನೂ ನಾನೂ ಹೊರಟೆವು. ಚಿಕ್ಕಮಗಳೂರಿನಲ್ಲಿ ಅಕ್ಕ ಕಟ್ಟಿಸುತ್ತಿರುವ ಮನೆಗೆ ಮರದ ಸುತ್ತುಮೆಟ್ಟಿಲು ತಯಾರಾಗುತ್ತಿತ್ತು. ಕೊನೆಯ ಜೋಡಣೆಗೆ ಮೊದಲು ಅಮ್ಮ ಒಮ್ಮೆ ಬಂದುಹೋಗಲಿ ಎಂದು ಬಡಗಿ ಆಚಾರರೇ ಹೇಳಿಕಳಿಸಿದ್ದರು. ಅಮ್ಮನಿಗೆ ಎಪ್ಪತ್ತು ದಾಟಿದೆ, ಎಡ ಮೊಣಕಾಲಿನ ನೋವಿದೆ. ಆದರೂ ಹಪ್ಪಳ, ಸಂಡಿಗೆ ಎಂದು ದಿನಕ್ಕೆ ನಾಲ್ಕು ಸಲ ಮಹಡಿ ಹತ್ತದೆ ಇರಲಾರದ ಜೀವ.

ಬೇಲೂರಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಈ ಸಲ ದೇವಸ್ಥಾನಕ್ಕೆ ಹೋಗಲಿಲ್ಲ. ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಆ ಗುಡಿಯ ಕಡೆದ ಕಂಬಗಳು ದಾರಿಯುದ್ದಕ್ಕೂ ಕಣ್ಣ ಮುಂದಿದ್ದವು. ಬಳಪದ ಕಲ್ಲು ಅಷ್ಟು ನುಣುಪಾಗಿ ದುಂಡಗಾಗುವುದಾದರೆ ಮರಕ್ಕೇನು ಕಷ್ಟ ಎಂದುಕೊಂಡೇ ಉಳಿದ ದಾರಿ ಸವೆಸಿದೆ. ಕಾಫಿ ತೋಟಗಳ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಮಳೆ ಆಗ ತಾನೇ ಬಿಟ್ಟಿತ್ತು.

ಕಾರ್ಯಾಗಾರ ಊರಿನ ಅಂಚಿನಲ್ಲಿ, ಶೀಟಿನ ಮಾಡಿನಡಿ. ಒಳಗೆ ಕಾಲಿಡುತ್ತಲೇ ತೇಗದ ಹುಡಿಯ ಘಾಟು. ಕಲ್ಲಿನ ಹಾಗೆ ಮರವನ್ನೂ ದುಂಡಗೆ ಕೊಯ್ದರಾಗದೇ ಎಂಬ ನನ್ನ ಪ್ರಶ್ನೆ ಕೇಳಿದ ಆಚಾರರು ಮೂಲೆಯಿಂದ ಒಂದು ತುಂಡು ತಂದರು. ದಪ್ಪ ಹಲಗೆಯಿಂದ ಕಮಾನಿನ ಹಾಗೆ ಕೊಯ್ದದ್ದು. ಮೊಣಕಾಲಿಗೆ ಒತ್ತಿದರು, ಲಟಕ್ಕನೆ ಮುರಿಯಿತು.

“ಕಲ್ಲಿಗೆ ಹೀಗೆ ಉದ್ದುದ್ದ ಎಳೆಯಿಲ್ಲ, ಮರಕ್ಕಿದೆ. ಬಳುಕನ್ನು ಗರಗಸದಲ್ಲಿ ಕೊಯ್ದರೆ ಎಳೆ ಅಡ್ಡಡ್ಡ ಕತ್ತರಿಸಿಹೋಗುತ್ತದೆ. ಆಮೇಲೆ ಅದು ಭಾರ ಹೊರುವುದಿಲ್ಲ” ಎಂದರು.

ಹಾಗಾಗಿ ಅವರು ಮರವನ್ನು ಬಾಗಿಸುತ್ತಾರೆ. ತೇಗವನ್ನು 4 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಸೀಳಿ, ಅಂಟು ಬಳಿದು, ಹತ್ತು ಪಟ್ಟಿಗಳನ್ನು ಒಟ್ಟಿಗೆ ಅಚ್ಚಿಗೆ ಒತ್ತಿ ಸಾಲಾಗಿ ಕ್ಲಾಂಪ್ ಬಿಗಿಯುತ್ತಾರೆ. ಪಟ್ಟಿಗಳ ಉದ್ದ ಸಾಲದಿದ್ದರೆ ತುದಿಗಳನ್ನು ಓರೆಯಾಗಿ ಕೊಯ್ದು ಒಂದಕ್ಕೊಂದು ಅಂಟಿಸುವ ಓರೆ ಕೂಡು ಹಾಕಿ ಮುಂದುವರಿಸುತ್ತಾರೆ. ಗೋಡೆ ಕಟ್ಟುವಾಗ ಸಂದಿಯ ಮೇಲೆ ಸಂದಿ ಬಾರದಂತೆ ಇಟ್ಟಿಗೆ ಇಡುತ್ತಾರಲ್ಲ, ಕೂಡುಗಳೂ ಹಾಗೆಯೇ. ಸಾಮಾನ್ಯ ಬಿಳಿ ಅಂಟು ಸದಾ ಬಿಗಿದುಕೊಂಡಿರುವ ಮರದಲ್ಲಿ ಕಾಲಕ್ರಮೇಣ ಜಾರುತ್ತದೆಂದು ಇಲ್ಲಿ ಇಪಾಕ್ಸಿ ಎಂಬ ಗಟ್ಟಿ ಅಂಟು ಬಳಸಿದ್ದರು. ಕ್ಲಾಂಪ್ ಬಿಚ್ಚಿದಾಗ ಮರ ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ಮೊದಲೇ ಎಣಿಸಿ ಅಚ್ಚನ್ನು ಒಂದು ಗುಲಗಂಜಿ ಹೆಚ್ಚು ಬಾಗಿಸಿಟ್ಟಿರಬೇಕು. ಎಷ್ಟು ಹೆಚ್ಚು ಎನ್ನುವಲ್ಲೇ ಆಚಾರರ ಮೂವತ್ತು ವರ್ಷದ ಕೈ ಕಾಣುವುದು.

ನಾನು ಬಹಳ ಹೊತ್ತು ನಿಂತದ್ದು ನೆಲದ ಮುಂದೆ. ಇಡೀ ಮೆಟ್ಟಿಲಿನ ನಕ್ಷೆಯನ್ನು ನಿಜದ ಅಳತೆಯಲ್ಲೇ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದಿದ್ದರು: ಅರ್ಧ ವೃತ್ತ, ಅದರೊಳಗೆ ಬೀಸಣಿಗೆಯಂತೆ ಹರಡಿದ 17 ಮೆಟ್ಟಿಲು. ಮಹಡಿಯ ಎತ್ತರ 126 ಇಂಚು, ಅದನ್ನು ಏಳೇಳು ಇಂಚಿನ 18 ಏರುಗಳಾಗಿ ಭಾಗಿಸಿದ್ದರು. ಹದಿನೆಂಟನೆಯ ಏರು ಹತ್ತಿದರೆ ಮಹಡಿಯೇ. ಪ್ರತಿ ಮೆಟ್ಟಿಲಿನ ಅಗಲ ಒಳಬದಿಯಲ್ಲಿ ಆರೂವರೆ ಇಂಚು ಚಿಲ್ಲರೆ, ನಡುವೆ ಹತ್ತೂವರೆ, ಗೋಡೆಯ ಕಡೆ ಹದಿನಾಲ್ಕು ದಾಟುತ್ತದೆ. ಎರಡು ಬದಿಯೂ ಏರುವುದು ಅಷ್ಟೇ ಎತ್ತರ, ದೂರ ಮಾತ್ರ ಬೇರೆ. ಆದ್ದರಿಂದ ಮೆಟ್ಟಿಲುಗಳನ್ನು ಹೊರುವ ಒಳಬದಿಯ ಹಲಗೆ 14 ಅಡಿಯಲ್ಲಿ ಕಡಿದಾಗಿ ಮೇಲೇರಿದರೆ, ಹೊರಬದಿಯದು 23 ಅಡಿ ನಿಧಾನವಾಗಿ ಸುತ್ತಿ ಬರುತ್ತದೆ. ಒಂದೇ ಮೆಟ್ಟಿಲಲ್ಲಿ ಎರಡು ಬೆಟ್ಟದ ದಾರಿಗಳು! ಈ ಲೆಕ್ಕ ನೆಲದ ಮೇಲೆ ಬಿಡಿಸಿಕೊಂಡದ್ದನ್ನು ನೋಡಿದಾಗ ನನಗಾದ ಸಂತೋಷ ಸಣ್ಣದಲ್ಲ.

“ಅಮ್ಮ, ಚಪ್ಪಲಿ ಬಿಟ್ಟು ಈ ಗೆರೆಗಳ ಮೇಲೆ ಒಮ್ಮೆ ನಡೆದು ತೋರಿಸಿ. ಮೆಟ್ಟಿಲು ಹತ್ತುತ್ತಿದ್ದೇನೆ ಎಂದುಕೊಳ್ಳಿ” ಎಂದರು ಆಚಾರರು.

“ನೆಲದ ಮೇಲೆ ಹತ್ತುವುದೇನು ಆಚಾರರೇ?” ಎನ್ನುತ್ತಲೇ ಅಮ್ಮ ಸೆರಗು ಸಿಕ್ಕಿಸಿ ಹೊರಟರು. ಆಚಾರರು ನಡೆಯುವ ದಾರಿಯೆಂದು ಎಳೆದಿದ್ದ ನಡುಗೆರೆಯನ್ನು ಅವರು ತುಳಿಯಲೇ ಇಲ್ಲ. ಮೂರನೆಯ ಹೆಜ್ಜೆಗೆ ಗೋಡೆಯ ಕಡೆ ಸರಿದು, ಅಲ್ಲಿಲ್ಲದ ಗೋಡೆಯನ್ನು ಹುಡುಕುವಂತೆ ಕೈ ಚಾಚಿದರು. ಹದಿನೇಳನೆಯ ಗೆರೆಯವರೆಗೂ ಹಾಗೆಯೇ.

ಆಚಾರರು ಕೂತು ಅಮ್ಮನ ಹೆಜ್ಜೆ ಬಿದ್ದಲ್ಲಿ ಟೇಪು ಹಿಡಿದರು. ಅಲ್ಲಿ ಮೆಟ್ಟಿಲಿನ ಅಗಲ 12 ಇಂಚು. “ಪಾದ ಪೂರ್ತಿ ಕೂರುತ್ತದೆ, ಚಿಂತೆಯಿಲ್ಲ” ಎಂದರು. ನಕ್ಷೆಯಲ್ಲಿ ಹಿಡಿಗಂಬಿ ಇದ್ದದ್ದು ಒಳಬದಿಗೆ ಮಾತ್ರ. ಅಂದಕ್ಕೆ ಅಷ್ಟೇ ಸಾಕೆಂದು ಒಪ್ಪಿದವರು ಅಕ್ಕ ಮತ್ತು ನಾನು. ಅಮ್ಮನನ್ನು ಕೇಳಿರಲಿಲ್ಲ, ಅದು ನಮ್ಮ ತಪ್ಪು. ಗೋಡೆಯ ಕಡೆಗೂ ಒಂದು ಹಿಡಿಗಂಬಿ ಬಾಗಿಸೋಣವೆಂದು ಆಚಾರರು ಅಲ್ಲೇ ನಿರ್ಧರಿಸಿದರು. ಕೆಲಸ ಎರಡು ವಾರ ಹಿಂದೆ ಬೀಳುತ್ತದೆ. ಅಕ್ಕ ಫೋನಿನಲ್ಲಿ ತಕ್ಷಣ ಒಪ್ಪಿದಳು.

ಹೊರಡುವ ಮುನ್ನ ಅವರು ಅಮ್ಮನನ್ನು ನೇರ ನಿಲ್ಲಿಸಿ, ಸಲೀಸಾಗಿ ಚಾಚಿದ ಅಂಗೈಯಿಂದ ನೆಲದವರೆಗೆ ಅಳೆದು, ಕಿವಿಯಲ್ಲಿದ್ದ ಪೆನ್ಸಿಲು ತೆಗೆದು ಹಲಗೆಯೊಂದರ ಮೇಲೆ ಬರೆದುಕೊಂಡರು: ಅಮ್ಮ, 33 ಇಂಚು.